ಕಾರಿನ ಹೆಚ್ಚುವರಿ ವಾರಂಟಿ, 14 ತಿಂಗಳ ಬಳಕೆ: ಕಂಪನಿ ದಿವಾಳಿ, ಕೈಯಲ್ಲಿ ಉಳಿದದ್ದು ಬಿಲ್ಲು

ಗಾಡಿಯ ಯಾವ ಬಿಡಿಭಾಗಕ್ಕೆ ಕವರ್ ಇದೆ, ಯಾವುದಕ್ಕಿಲ್ಲ ಎಂಬುದು ಶೋರೂಮಿನವರು ಕೊಡುವ ಬಣ್ಣದ ಕಾಗದದಲ್ಲೇ ಇರುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಇದು ಮೂರು ವರ್ಷದ ಪ್ಲಾನ್. 18,000 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 21,240. ಕಾರು ತಯಾರಿಸಿದವರದ್ದಲ್ಲ, ಹೊರಗಿನ ವಾರಂಟಿ ಕಂಪನಿಯದು. ಮಾರಿದ್ದು ಮಾತ್ರ ಹುಬ್ಬಳ್ಳಿ ಶೋರೂಮಿನ ಕೌಂಟರಿನಲ್ಲಿ.

ಮೊದಲ ವರ್ಷ ದೂರಲು ಏನೂ ಇರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಏಸಿ ಕಂಪ್ರೆಸರ್ ಹೋದಾಗ ವರ್ಕ್‌ಶಾಪ್ ಎಸ್ಟಿಮೇಟ್ ಕಳಿಸಿದ ಮರುದಿನವೇ ಮಂಜೂರಾತಿ ಬಂತು, ಕೈಯಿಂದ ರೊಕ್ಕ ಕೊಡುವ ಪ್ರಸಂಗ ಬರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದಿತ್ತು.

ಕಂಪನಿ ದಿವಾಳಿ ಆಗುವ ಮೊದಲು ಒಂದು ಸೂಚನೆ ಸಿಗುತ್ತದೆ, ಅದು ವರ್ಕ್‌ಶಾಪಿನಿಂದಲೇ. "ಸರ, ಈ ಸಲ ನೀವ ಕಟ್ಟಿಬಿಡ್ರಿ, ಆಮ್ಯಾಲೆ ಕಂಪನಿಯಿಂದ ಇಸಗೋರಿ" ಎಂಬ ಮಾತು ಬಂತೆಂದರೆ ಹಳೆಯ ಬಿಲ್ಲುಗಳು ಆ ವರ್ಕ್‌ಶಾಪಿಗೆ ಬಾಕಿ ಉಳಿದಿರಬಹುದು ಎಂದೇ ತಿಳಿಯಬೇಕು. ಬಾಕಿ ಇರುವ ರಿಪೇರಿ ಕ್ಲೇಮನ್ನು ಅವತ್ತೇ ಬರಹದಲ್ಲಿ ಹಾಕಿಬಿಡಬೇಕು, ಮುಂದಿನ ಸರ್ವಿಸ್‌ವರೆಗೆ ಕಾಯಬಾರದು.

ಫೋನ್ ಎತ್ತದಿರುವುದಕ್ಕೂ ದಿವಾಳಿಗೂ ವ್ಯತ್ಯಾಸವಿದೆ. ವಾರಂಟಿ ಪತ್ರದಲ್ಲಿ ಕಂಪನಿಯ ಸಿಐಎನ್, ಅಂದರೆ ನೋಂದಣಿ ಸಂಖ್ಯೆ, ಇರುತ್ತದೆ, 21 ಅಕ್ಷರ-ಅಂಕಿಗಳದ್ದು. ಅದನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಹಾಕಿದರೆ ಕಂಪನಿ ಚಾಲ್ತಿಯಲ್ಲಿದೆಯೋ, ದಿವಾಳಿ ಪ್ರಕ್ರಿಯೆಯಲ್ಲಿದೆಯೋ, ಹೆಸರೇ ತೆಗೆದುಹಾಕಲಾಗಿದೆಯೋ ಕಾಣುತ್ತದೆ. ಚಾಲ್ತಿಯಲ್ಲಿದ್ದರೆ ನೇರವಾಗಿ ಗ್ರಾಹಕ ಆಯೋಗಕ್ಕೆ ಹೋಗಬಹುದು. 2016ರ ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅರ್ಜಿ ಸ್ವೀಕರಿಸಿದ್ದರೆ 14ನೇ ಕಲಂ ಪ್ರಕಾರ ಮೊರಟೋರಿಯಂ (ತಾತ್ಕಾಲಿಕ ತಡೆ) ಶುರುವಾಗುತ್ತದೆ, ಕಂಪನಿಯ ಮೇಲಿನ ಯಾವ ದಾವೆಯೂ ಮುಂದೆ ಹೋಗುವುದಿಲ್ಲ.

ನಮ್ಮ ಕಡೆಯವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ಸಿಟ್ಟು ಬರುವುದೂ ಇಲ್ಲೇ. ಎನ್‌ಸಿಎಲ್‌ಟಿ ನೇಮಿಸಿದ ಮಧ್ಯಂತರ ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ದಿವಾಳಿ ಪ್ರಕ್ರಿಯೆ ನಡೆಸುವವರು, ಮೂರು ದಿನದೊಳಗೆ ಪತ್ರಿಕಾ ಪ್ರಕಟಣೆ ಕೊಡಬೇಕು. ಅದು ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರುತ್ತದೆ, ಮುಖ್ಯವಾಗಿ ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನಲ್ಲಿ. ಕಚೇರಿ ಮುಂಬಯಿಯಲ್ಲಿದ್ದರೆ ಪ್ರಾದೇಶಿಕ ಪ್ರಕಟಣೆ ಮರಾಠಿ ಪತ್ರಿಕೆಗೆ ಹೋಗುತ್ತದೆ. ಹಾವೇರಿಯಲ್ಲೋ ಗದಗದಲ್ಲೋ ಬೆಳಿಗ್ಗೆ ಪೇಪರ್ ಓದುವವರಿಗೆ ಅದು ಕಾಣುವುದು ಹೇಗೆ? ಕಂಪನಿಯಿಂದ ಬರಬೇಕಾದ ರೊಕ್ಕಕ್ಕೆ ಕ್ಲೇಮ್ ಹಾಕಲು ಸಿಗುವುದು ಆ ಪ್ರೊಫೆಷನಲ್ ನೇಮಕದಿಂದ 14 ದಿನ. ಅದೇ ಪ್ರಕಟಣೆ ಐಬಿಬಿಐ, ಅಂದರೆ ಭಾರತೀಯ ದಿವಾಳಿ ಮಂಡಳಿಯ ಜಾಲತಾಣದಲ್ಲೂ ಬರುತ್ತದೆ, ಕಂಪನಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಕ್ಲೇಮಿನ ಕೊನೆಯ ದಿನಾಂಕ, ಕಳಿಸಬೇಕಾದ ಇಮೇಲ್ ಎರಡೂ ಅದರಲ್ಲೇ ಇರುತ್ತವೆ. 14 ದಿನ ದಾಟಿದ್ದರೂ ಕೈ ಬಿಡಬೇಡಿ. ತಡವಾದ ಕಾರಣ ಬರೆದು, ಪ್ರಕ್ರಿಯೆ ಶುರುವಾದ 90 ದಿನದೊಳಗೆ ಕಳಿಸಲು ನಿಯಮದಲ್ಲೇ ಅವಕಾಶವಿದೆ.

ಯಾವ ಫಾರ್ಮ್? ಫಾರ್ಮ್ ಬಿ ಹಾಕುವುದು ಒಳ್ಳೆಯದು, ಅದು ಆಪರೇಷನಲ್ ಕ್ರೆಡಿಟರ್‌ಗಳದ್ದು, ಅಂದರೆ ಸರಕು-ಸೇವೆಯ ವ್ಯವಹಾರದಲ್ಲಿ ಕಂಪನಿಯಿಂದ ಬಾಕಿ ಬರಬೇಕಾದವರದ್ದು. ಮುಂಗಡ ಕೊಟ್ಟು ಸರಕು ಅಥವಾ ಸೇವೆ ಸಿಗದವರೂ ಆ ಗುಂಪಿಗೇ ಸೇರುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹಿಟ್ರೋ ಎನರ್ಜಿ ಪ್ರಕರಣದಲ್ಲಿ ಹೇಳಿದೆ. ಪ್ರೊಫೆಷನಲ್ ಒಪ್ಪದೆ ಬೇರೆ ಯಾವ ಗುಂಪಿಗೂ ಸೇರದವರ ಫಾರ್ಮ್ ಎಫ್ ಕೇಳಿದರೆ ಅದನ್ನೂ ತುಂಬಿ ಕಳಿಸಿ, ವಾದಕ್ಕೆ ನಿಂತು ದಿನ ಕಳೆಯಬೇಡಿ. ಕ್ಲೇಮ್ ಹಾಕಲು ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಮೊತ್ತ ಹಾಕುವಾಗ ತಪ್ಪು ಆಗುತ್ತದೆ. ಲೆಕ್ಕ ಹಿಡಿಯಬೇಕಾದದ್ದು ದಿವಾಳಿ ಪ್ರಕ್ರಿಯೆ ಶುರುವಾದ ದಿನಕ್ಕೆ, ಫಾರ್ಮ್ ತುಂಬುವ ದಿನಕ್ಕಲ್ಲ. 21,240 ಅನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 590. 14 ತಿಂಗಳು ಮುಗಿದಿದ್ದರೆ ಉಳಿದ 22 ತಿಂಗಳಿಗೆ 12,980 ರೂಪಾಯಿ. ಕಟ್ಟಿದ ರೊಕ್ಕದಲ್ಲಿ ಜಿಎಸ್‌ಟಿಯೂ ಇತ್ತು, ಅದನ್ನು ಬಿಟ್ಟು ಬರೆಯಬೇಡಿ. ಮಂಜೂರಾಗಿ ಪಾವತಿಯಾಗದ ರಿಪೇರಿ ಬಿಲ್ ಇದ್ದರೆ ಬೇರೆ ಸಾಲಿನಲ್ಲಿ ತೋರಿಸಿ. ಹೊಸ ಗಾಡಿ ಜೊತೆಗೇ ಕೊಂಡು, ತಯಾರಕರ ವಾರಂಟಿಯೇ ಇನ್ನೂ ನಡೆಯುತ್ತಿದ್ದರೆ ಕವರ್ ಶುರುವೇ ಆಗಿಲ್ಲ ಎಂದರ್ಥ, ಅಂಥವರು ಪೂರ್ತಿ 21,240 ಕೇಳಬೇಕು. "ಒಮ್ಮೆ ಕ್ಲೇಮ್ ತಗೊಂಡ್ರ ರೀಫಂಡ್ ಇಲ್ಲ" ಎಂಬ ಷರತ್ತನ್ನು ಮುಂದೆ ಮಾಡಬಹುದು. ಆ ಷರತ್ತು ಗ್ರಾಹಕ ತಾನಾಗಿ ರದ್ದು ಮಾಡಿದಾಗಿನದು, ಇಲ್ಲಿ ಸೇವೆ ನಿಲ್ಲಿಸಿದ್ದು ಕಂಪನಿ ಎಂದು ಕ್ಲೇಮಿನಲ್ಲೇ ಎರಡು ಸಾಲು ಬರೆದಿಡಿ.

ಇದರಿಂದ ಎಷ್ಟು ಕೈಗೆ ಬರುತ್ತದೆ? ನಿಜ ಹೇಳಬೇಕೆಂದರೆ ತೀರ ಕಡಿಮೆ. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಅದೇ ದಿವಾಳಿ ಸಂಹಿತೆಯ 53ನೇ ಕಲಂ ಪ್ರಕಾರ ಪ್ರಕ್ರಿಯೆಯ ಖರ್ಚು, ಅಡಮಾನವಿಟ್ಟುಕೊಂಡ ಬ್ಯಾಂಕು ಮತ್ತು ಕಾರ್ಮಿಕರ ಬಾಕಿ, ನೌಕರರ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲ, ಸರಕಾರದ ಬಾಕಿ, ಇವೆಲ್ಲ ತೀರಿದ ಮೇಲೆ ನಮ್ಮ ಸರದಿ. ಆದರೂ ಹಾಕಲೇಬೇಕು. ಬೇರೆಯವರು ಕಂಪನಿ ಕೊಂಡು ಪುನಶ್ಚೇತನ ಯೋಜನೆ ಮಂಜೂರಾದರೆ, ಅದರಲ್ಲಿ ಸೇರದ ಕ್ಲೇಮುಗಳು ಅಲ್ಲಿಗೆ ಮುಗಿದವು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ತೀರ್ಪು ಕೊಟ್ಟಿದೆ.

ರೊಕ್ಕ ವಾಪಸ್ ಬರುವ ನಿಜವಾದ ಆಸೆ ಇರುವುದು ಬಿಲ್ಲಿನಲ್ಲಿ. ಹೆಚ್ಚಿನವರು ಇದನ್ನು ಬಿಚ್ಚಿಯೂ ನೋಡಿರುವುದಿಲ್ಲ. ವಾರಂಟಿ ಪತ್ರದ ಮೇಲೆ ಯಾವ ಹೆಸರಾದರೂ ಇರಲಿ, ಟ್ಯಾಕ್ಸ್ ಇನ್‌ವಾಯ್ಸ್ ಯಾರ ಜಿಎಸ್‌ಟಿ ನಂಬರಿನಲ್ಲಿದೆ ಎಂದು ನೋಡಿ. ಈ ಪ್ಲಾನಿನ ಇನ್‌ವಾಯ್ಸ್ ಶೋರೂಮಿನದೇ ಆಗಿತ್ತು, ಕಾರ್ಡ್ ಉಜ್ಜಿದ್ದು ಅವರ ಮಷಿನಿನಲ್ಲೇ. ಹಾಗಿದ್ದರೆ ಮಾರಿದವರು ಅವರು. "ನಾವು ಬರೇ ಏಜೆಂಟ್ರೀ ಸರ" ಎಂಬ ಮಾತಿಗೆ ಇನ್‌ವಾಯ್ಸಿನ ಪ್ರತಿಯೇ ಉತ್ತರ. ಕಂಪನಿಗೆ ಸಿಕ್ಕ ಮೊರಟೋರಿಯಂ ತಾನಾಗಿ ಡೀಲರಿಗೆ ಸಿಗುವುದಿಲ್ಲ.

ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು ಡಾಕೆಟ್ (ದೂರಿನ) ನಂಬರ್ ಬರೆದಿಟ್ಟುಕೊಳ್ಳಿ. ಡೀಲರಿಗೆ 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹುಬ್ಬಳ್ಳಿಯವರಿಗೆ ಅದು ಧಾರವಾಡದಲ್ಲಿದೆ, ಗದಗ ಮತ್ತು ಹಾವೇರಿಗೆ ಅವರವರದೇ ಇದೆ. 2019ರ ಕಾಯಿದೆಯಲ್ಲಿ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದ್ದರಿಂದ ಹುಬ್ಬಳ್ಳಿಯಲ್ಲಿ ಕೊಂಡ ರಾಣೆಬೆನ್ನೂರಿನವರು ಹಾವೇರಿಯಲ್ಲೇ ಹಾಕಬಹುದು, ನರಗುಂದದವರು ಗದಗದಲ್ಲಿ. ಕಟ್ಟಿದ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ತೊಂದರೆ ಶುರುವಾದಲ್ಲಿಂದ ಎರಡು ವರ್ಷ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದವರು ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ರೊಕ್ಕ ವಾಪಸ್ ತಿರುಗಿಸಲು, ಕೇಳಬಹುದು, ಕಾರಣ "ಸೇವೆ ಸಿಕ್ಕಿಲ್ಲ". ವೀಸಾದಲ್ಲಿ ಸೇವೆ ನಿಂತದ್ದು ತಿಳಿದ ಮೇಲೆ 120 ದಿನ, ಆದರೆ ರೊಕ್ಕ ಕಟ್ಟಿದ ದಿನದಿಂದ 540 ದಿನ ದಾಟಿರಬಾರದು. ಹೊಸ ಗಾಡಿ ಜೊತೆಗೇ ಕೊಂಡ ಬಹಳ ಜನರಿಗೆ ಈ ದಾರಿ ಮುಚ್ಚಿಹೋಗಿರುತ್ತದೆ. ಕಾರ್ ಲೋನಿನಲ್ಲೇ ಪ್ಲಾನಿನ ರೊಕ್ಕ ಸೇರಿಸಿದ್ದರೆ ಕಂತು ನಿಲ್ಲಿಸಬೇಡಿ. ಬ್ಯಾಂಕಿನ ಸಾಲ ಬೇರೆ, ವಾರಂಟಿ ಬೇರೆ, ಕೆಡುವುದು ನಿಮ್ಮ ಸಿಬಿಲ್.

ವಾರಂಟಿ ಪತ್ರದ ಹಿಂಭಾಗದಲ್ಲಿ ಇನ್ಶೂರೆನ್ಸ್ ಕಂಪನಿಯೊಂದರ ಹೆಸರು, ಪಾಲಿಸಿ ನಂಬರ್ ಇದೆಯೇ ಎಂದೂ ನೋಡಿ. ಕೆಲವು ಪ್ಲಾನುಗಳ ಹಿಂದೆ ವಿಮೆ ಇರುತ್ತದೆ. ಹಾಗಿದ್ದರೆ ಆ ವಿಮಾ ಕಂಪನಿಗೇ ಬರೆಯಿರಿ. ಗ್ರಾಹಕರಿಗೆ ನೇರ ಹಕ್ಕು ಕೊಟ್ಟಿರುವ ಪಾಲಿಸಿಯಾದರೆ, ಒಂದು ತಿಂಗಳಲ್ಲಿ ಉತ್ತರ ಬರದಿದ್ದಾಗ ವಿಮಾ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ಇಷ್ಟೆಲ್ಲಕ್ಕೂ ಆಧಾರ ಒಂದು ಪ್ಲಾಸ್ಟಿಕ್ ಫೈಲು. ಪ್ರತಿ ಸರ್ವಿಸಿನ ದಿನ ಗಾಡಿ ಬಿಡುವ ಮೊದಲು ಮೀಟರಿನ ಫೋಟೊ, ಗಾಡಿ ತರುವಾಗ ಸಹಿ ಹಾಕಿದ ಜಾಬ್ ಕಾರ್ಡ್ ಮತ್ತು ಬಿಲ್ಲು, ಸರ್ವಿಸ್ ಪುಸ್ತಕದಲ್ಲಿ ಸೀಲು. ಆಯಿಲ್ ಬದಲಿಸಿದ ಕಿಲೋಮೀಟರ್ ಸೀಲಿನ ಪಕ್ಕ ಪೆನ್ನಿನಲ್ಲಿ ಬರೆದಿರಲಿ. ಥರ್ಮಲ್ ಕಾಗದದ ರಸೀದಿ ಡ್ಯಾಶ್‌ಬೋರ್ಡಿನ ಬಿಸಿಗೆ ಬೆಳ್ಳಗಾಗುತ್ತದೆ, ಅವತ್ತೇ ಝೆರಾಕ್ಸ್ ಮಾಡಿಸಿ. ದಿವಾಳಿ ಆದಮೇಲೆ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸುವುದಾದರೆ ಮೊದಲು ಎಸ್ಟಿಮೇಟನ್ನು ಪ್ರೊಫೆಷನಲ್‌ಗೆ ಮತ್ತು ಡೀಲರಿಗೆ ಇಮೇಲ್ ಮಾಡಿ. ಬಿಚ್ಚಿದ ಹಳೆ ಪಾರ್ಟನ್ನು ಮಿಸ್ತ್ರಿ ಹತ್ತಿರ ಬಿಡದೆ, ನಂಬರ್ ಕಾಣುವಂತೆ ಫೋಟೊ ತೆಗೆದು ಮನೆಗೆ ತನ್ನಿ.

ವಾರಂಟಿ ಪ್ಲಾನಿಗೆ ಒಂದು ಸ್ಟಾರ್. ವರ್ಷಕ್ಕೆ ಎಂಟು-ಒಂಬತ್ತು ಸಾವಿರ ಕಿಲೋಮೀಟರ್ ಓಡುವ ಸಣ್ಣ ಪೆಟ್ರೋಲ್ ಗಾಡಿಗೆ ಮತ್ತೆ ಕೊಳ್ಳುವುದಾದರೆ ತಯಾರಕರ ಸ್ವಂತ ಪ್ಲಾನ್ ಮಾತ್ರ, ಅದೂ ಶೋರೂಮಿನ ಇನ್‌ವಾಯ್ಸಿನಲ್ಲಿ, ವಾರಂಟಿಯ ಬೆಲೆ ಬೇರೆ ಸಾಲಿನಲ್ಲಿ ಹಾಕಿಸಿಕೊಂಡು. ಹಾಗೆ ಹಾಕಿಕೊಡಲು ಕೌಂಟರಿನವರು ಹಿಂದೆಮುಂದೆ ನೋಡಿದರೆ ಆ 21,240ನ್ನು ಬ್ಯಾಂಕಿನಲ್ಲೇ ಇಟ್ಟುಕೊಂಡು ರಿಪೇರಿ ಬಂದಾಗ ತೆಗೆಯುವುದು ಲೇಸು.