ಆರ್‌ವಿ ವರ್ಕ್‌ಕ್ಯಾಂಪಿಂಗ್: ಬಿಟ್ಟಿ ಸೈಟಿನ ನಿಜವಾದ ಬಾಡಿಗೆ ಎಷ್ಟು?

"ಫುಲ್ ಹುಕಪ್ ಸೈಟ್ ಉಚಿತ, ವಾರಕ್ಕೆ 20 ಗಂಟೆ ಕೆಲಸ." ಆರ್‌ವಿಯಲ್ಲೇ, ಅಂದರೆ ಅಡುಗೆಮನೆ, ಟಾಯ್ಲೆಟ್ ಎಲ್ಲ ಇರುವ ಗಾಡಿಯಲ್ಲೇ, ಮನೆ ಮಾಡಿಕೊಂಡವರಿಗೆ ಅಮೆರಿಕದ ಕ್ಯಾಂಪ್‌ಗ್ರೌಂಡುಗಳು ಹಾಕುವ ಜಾಹೀರಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹೀಗೆ ಗಾಡಿಯಲ್ಲಿ ವಾಸವಿದ್ದು ಸೈಟಿಗೋ ಸಂಬಳಕ್ಕೋ ದುಡಿಯುವುದೇ ವರ್ಕ್‌ಕ್ಯಾಂಪಿಂಗ್. ಸೈಟು ಅಂದರೆ ನಮ್ಮ ತರ್ಟಿ-ಫಾರ್ಟಿ ಅಲ್ಲ. ಗಾಡಿ ನಿಲ್ಲಿಸಲು ಒಂದು ಪಟ್ಟಿ ಜಾಗ, ಗಾಡಿಗೆ ಕರೆಂಟು ಕೊಡುವ ಸಾಕೆಟ್ಟಿನ ಕಂಬ (ಪೆಡೆಸ್ಟಲ್) ಒಂದು, ಒಂದು ನಲ್ಲಿ, ನೆಲದಲ್ಲಿ ಒಂದು ಚರಂಡಿ ಬಾಯಿ, ಅಷ್ಟೇ. ಆದರೆ ಆ 20 ಗಂಟೆ ಗಂಡ-ಹೆಂಡತಿ ಇಬ್ಬರದೂ ಸೇರಿಯೋ, ತಲಾ ಇಪ್ಪತ್ತೋ ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಆ ಜಾಗದ ತಿಂಗಳ ಬಾಡಿಗೆ 600 ಡಾಲರ್ ಎಂದುಕೊಳ್ಳೋಣ. ತಲಾ 20 ಗಂಟೆಯಾದರೆ ವಾರಕ್ಕೆ 40, ತಿಂಗಳಿಗೆ ಸುಮಾರು 173 ಗಂಟೆ. ಗಂಟೆಗೆ ಮೂರೂವರೆ ಡಾಲರ್ ಕೂಡ ಗಿಟ್ಟಲಿಲ್ಲ. ಅದೇ ಸೈಟಿಗೆ ಇಬ್ಬರೂ ಸೇರಿ ವಾರಕ್ಕೆ 15 ಗಂಟೆ ದುಡಿದು, ಮಿಕ್ಕ ಗಂಟೆಗಳಿಗೆ ಸಂಬಳ ಸಿಗುವ ಒಪ್ಪಂದವಾದರೆ ಸೈಟಿನ ಪಾಲಿಗೆ ಗಂಟೆಗೆ 9 ಡಾಲರ್ ದಾಟುತ್ತದೆ. ಮಾಲೀಕರು ಇಲ್ಲೊಂದು ಕೈಚಳಕ ಮಾಡುವುದುಂಟು: ದಿನಕ್ಕೆ 50 ಡಾಲರ್, ತಿಂಗಳಿಗೆ 1,500 ಡಾಲರಿನ ಸೈಟ್ ಕೊಡುತ್ತಿದ್ದೇವೆ ಅನ್ನುತ್ತಾರೆ. ತಿಂಗಳಾನುಗಟ್ಟಲೆ ನಿಲ್ಲುವವರು ದಿನದ ದರ ಕೊಡುವುದಿಲ್ಲವಲ್ಲ! ಅಕ್ಕಪಕ್ಕದ ಪಾರ್ಕುಗಳಿಗೆ ಫೋನ್ ಮಾಡಿ ತಿಂಗಳ ದರ ಕೇಳಿ, ಅದನ್ನೇ ಭಾಗಿಸಬೇಕು.

ಈ ಪದ್ಧತಿ ಹೊಸದೇನಲ್ಲ. ಇಂಥ ಕೆಲಸಗಳ ಪಟ್ಟಿ ಕೊಡುವ 'ವರ್ಕ್‌ಆಂಪರ್ ನ್ಯೂಸ್' ಪತ್ರಿಕೆ ಶುರುವಾದದ್ದೇ 1987ರಲ್ಲಿ. ಅಮೆಜಾನ್ 2008ರಲ್ಲಿ ಆರಂಭಿಸಿದ 'ಕ್ಯಾಂಪರ್‌ಫೋರ್ಸ್' ಆರ್‌ವಿಯವರನ್ನು ಹಬ್ಬದ ಸೀಸನ್ನಿಗೆ ಗೋದಾಮಿಗೆ ಕರೆಸಿಕೊಳ್ಳುತ್ತಿತ್ತು. ಈಗ ಅದಿಲ್ಲ. ಉಳಿದಿರುವುದು ಕ್ಯಾಂಪ್‌ಗ್ರೌಂಡ್ ಕೆಲಸ, ರಾಷ್ಟ್ರೀಯ ಉದ್ಯಾನಗಳ ಹೋಟೆಲು-ಅಂಗಡಿ, ಸಕ್ಕರೆ ತೆಗೆಯುವ ಬೀಟ್ ಗಡ್ಡೆಯ ಕೊಯ್ಲು, ತೈಲಬಾವಿಯ ಗೇಟು, ಕ್ರಿಸ್‌ಮಸ್ ಗಿಡ ಮತ್ತು ಕುಂಬಳಕಾಯಿ ಮಾರಾಟದಂಥವು.

ಕೆಲಸಕ್ಕಿಂತ ಮೊದಲು ಪೆಡೆಸ್ಟಲ್ ವಿಚಾರ. ಹೆಚ್ಚಿನವರು ಸಂಬಳ ಕೇಳುತ್ತಾರೆ, 30 ಆಂಪೋ 50 ಆಂಪೋ ಎಂದು ಕೇಳುವುದಿಲ್ಲ. ಆಮೇಲೆ ಜುಲೈ ತಿಂಗಳಲ್ಲಿ ಬೆವರುತ್ತಾರೆ. 30 ಆಂಪ್ ಅಂದರೆ 120 ವೋಲ್ಟಿನಲ್ಲಿ 3,600 ವ್ಯಾಟ್. 50 ಆಂಪ್ ಅಂದರೆ ತಲಾ 50 ಆಂಪಿನ ಎರಡು ಲೈನು, ಒಟ್ಟು 12,000 ವ್ಯಾಟ್. ಹೆಸರಿನಲ್ಲಿ ಇಪ್ಪತ್ತೇ ಆಂಪಿನ ವ್ಯತ್ಯಾಸ, ನಿಜದಲ್ಲಿ ಮೂರು ಪಟ್ಟಿಗೂ ಹೆಚ್ಚು. 15,000 ಬಿಟಿಯು ಎಸಿ ಒಂದೇ 13ರಿಂದ 15 ಆಂಪ್ ಎಳೆಯುತ್ತದೆ. ವಾಟರ್ ಹೀಟರಿನ ಕಾಯಿಲ್ 12 ಆಂಪ್. ಇದರ ಮೇಲೆ 1,800 ವ್ಯಾಟಿನ ಇಂಡಕ್ಷನ್ ಒಲೆಯಲ್ಲಿ ಸಾರು ಕುದಿಸಲು ಇಟ್ಟರೆ ಇನ್ನೂ 15. ಬ್ರೇಕರ್ ಬೀಳದೆ ಇನ್ನೇನು? 30 ಆಂಪಿನ ಸೈಟಿನಲ್ಲಿ ವಾಟರ್ ಹೀಟರನ್ನು ಗ್ಯಾಸಿಗೆ ಹಾಕಿ, ಅಡುಗೆಯನ್ನು 1,000 ವ್ಯಾಟಿನ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮುಗಿಸುವುದು ಜಾಣತನ. ಊರಿಂದ ತಂದ 230 ವೋಲ್ಟಿನ ಮಿಕ್ಸಿಯ ಆಸೆ ಬಿಡಿ.

ಬ್ರೇಕರ್ ಬಿದ್ದರೆ ಎತ್ತಬಹುದು. ವೋಲ್ಟೇಜ್ ಬಿದ್ದರೆ ಎಸಿಯೇ ಹೋಗುತ್ತದೆ. ಕೆಲಸದವರ ಸೈಟುಗಳು ಸಾಮಾನ್ಯವಾಗಿ ಗಿರಾಕಿಗೆ ಕೊಡಲಾಗದ ಮೂಲೆಯಲ್ಲಿ, ಲೈನಿನ ಕೊನೆಯಲ್ಲಿ ಇರುತ್ತವೆ. ಮಧ್ಯಾಹ್ನ ಎಲ್ಲರ ಎಸಿ ಒಟ್ಟಿಗೆ ಓಡುವಾಗ ಅಲ್ಲಿ 120 ಇರಬೇಕಾದದ್ದು 105ಕ್ಕೆ ಇಳಿಯಬಹುದು. ವೋಲ್ಟೇಜ್ ಇಳಿದಷ್ಟೂ ಕಂಪ್ರೆಸರ್ ಮೋಟಾರು ಹೆಚ್ಚು ಕರೆಂಟು ಎಳೆದು ಕಾದು ಸುಡುತ್ತದೆ. ಹಾಗಾಗಿ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಹಾಟ್ (ನಮ್ಮ ಫೇಸ್) ಮತ್ತು ನ್ಯೂಟ್ರಲ್ ನಡುವೆ 114ರಿಂದ 126 ವೋಲ್ಟ್ ಇರಬೇಕು, ನ್ಯೂಟ್ರಲ್ ಮತ್ತು ಗ್ರೌಂಡ್ ನಡುವೆ ಸೊನ್ನೆಯ ಹತ್ತಿರ, 50 ಆಂಪಿನಲ್ಲಿ ಎರಡು ಹಾಟ್‌ಗಳ ನಡುವೆ 240ರ ಆಸುಪಾಸು. ಸಾಕೆಟ್ಟಿನ ಬಾಯಿ ಕಪ್ಪಾಗಿದ್ದರೆ ಒಳಗೆ ಕಾಂಟ್ಯಾಕ್ಟ್ ಸಡಿಲ. ಬದಲಿಸಿಕೊಡುವವರೆಗೆ ಪ್ಲಗ್ ಹಾಕಬೇಡಿ. ಇದಾದ ಮೇಲೆ ಎಸಿ ಹಾಕಿ ಮತ್ತೊಮ್ಮೆ ಅಳೆಯಿರಿ, ಲೋಡ್ ಇಲ್ಲದ ವೋಲ್ಟೇಜ್ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಕಾಯಂ ಕಾವಲಿಗೆ ಬರೀ ಸರ್ಜ್ ಪ್ರೊಟೆಕ್ಟರ್ ಸಾಲದು. 104ಕ್ಕಿಂತ ಕೆಳಗೆ, 132ಕ್ಕಿಂತ ಮೇಲೆ ತಾನೇ ಲೈನ್ ಕತ್ತರಿಸುವ ಇಎಂಎಸ್ ಬೇಕು. 50 ಆಂಪಿನಲ್ಲಿ ನ್ಯೂಟ್ರಲ್ ಕಡಿದರೆ 120ರ ಸಾಮಾನಿನ ಮೇಲೆ 200ಕ್ಕೂ ಹೆಚ್ಚು ವೋಲ್ಟ್ ಬೀಳಬಹುದು. ಟಿವಿ, ಮೈಕ್ರೋವೇವ್, ಕನ್ವರ್ಟರ್ ಒಂದೇ ಏಟಿಗೆ ಖಲಾಸ್.

ನೀರಿನದು ಇಷ್ಟು ರಾಮಾಯಣವಲ್ಲ. ಗುಡ್ಡದ ಪಾರ್ಕುಗಳಲ್ಲಿ ಒತ್ತಡ ವಿಪರೀತ ಇರುತ್ತದೆ, ನಲ್ಲಿಗೇ ರೆಗ್ಯುಲೇಟರ್ ಹಾಕಿ 45-50 ಪಿಎಸ್‌ಐಗೆ ಕಟ್ಟಿ. ಮೆದುಗೊಳವೆ ಕುಡಿಯುವ ನೀರಿನದೇ ಆಗಿರಲಿ.

ಚರಂಡಿಯಲ್ಲಿ ಹೊಸಬರ ತಪ್ಪು ಒಂದೇ: ಹುಕಪ್ ಇದೆಯಲ್ಲ ಎಂದು ಟಾಯ್ಲೆಟ್ಟಿನದು ಸೇರುವ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಡುವುದು. ನೀರು ಹರಿದುಹೋಗಿ ಗಟ್ಟಿ ಪದಾರ್ಥ ಪೈಪಿನ ಕೆಳಗೆ ಗುಡ್ಡೆ ಕಟ್ಟಿಕೊಳ್ಳುತ್ತದೆ, ಒಣಗಿದ ಮೇಲೆ ಅದು ಕಾಂಕ್ರೀಟು. ವಾಲ್ವ್ ಮುಚ್ಚಿರಿ, ಮೂರನೇ ಎರಡು ಭಾಗ ತುಂಬಿದಾಗ ಒಮ್ಮೆಲೇ ಬಿಡಿ, ಹಿಂದೆಯೇ ಸ್ನಾನದ, ಪಾತ್ರೆ ತೊಳೆದ ನೀರು ಸೇರುವ ಗ್ರೇ ಟ್ಯಾಂಕಿನ ಸೋಪು ನೀರು ಬಿಟ್ಟು ಕೊಳವೆ ತೊಳೆಯಿರಿ. ಕಾಡಿನ ಕ್ಯಾಂಪ್‌ಗ್ರೌಂಡಿನ ಹೋಸ್ಟ್ (ಉಸ್ತುವಾರಿಗೆ ನಿಂತವರ) ಸೈಟುಗಳಲ್ಲಿ ಎಷ್ಟೋ ಕಡೆ ಚರಂಡಿಯೇ ಇರುವುದಿಲ್ಲ. ಗಾಲಿಯ ಟೋಟ್ ಟ್ಯಾಂಕಿಗೆ ಇಳಿಸಿ ಡಂಪ್ ಸ್ಟೇಷನ್ನಿಗೆ ಎಳೆದೊಯ್ಯಬೇಕು. 30 ಗ್ಯಾಲನ್ ಟೋಟ್ ತುಂಬಿದರೆ ನೀರಿನ ತೂಕವೇ 113 ಕಿಲೋ. ಟ್ರಕ್ಕಿಗೆ ಕಟ್ಟಿ ನಡಿಗೆಯ ವೇಗದಲ್ಲಿ ಎಳೆಯಬೇಕು, ಅವಸರ ಮಾಡಿದರೆ ಪ್ಲಾಸ್ಟಿಕ್ ಗಾಲಿ ಕಾದು ಕಿತ್ತುಬರುತ್ತದೆ. ಮಂಡಿನೋವು ಇರುವವರು ಈ ಒಂದು ಕಾರಣಕ್ಕೇ ಇಂಥ ಸೈಟ್ ಬೇಡ ಎನ್ನಬಹುದು.

ಈಗ ಕೆಲಸ. ಸರ್ಕಾರಿ ಉದ್ಯಾನ, ಅರಣ್ಯ, ವನ್ಯಧಾಮಗಳ ಕ್ಯಾಂಪ್ ಹೋಸ್ಟ್ ಹುದ್ದೆಗಳು ವಾಲಂಟಿಯರ್ ಡಾಟ್ ಗವ್ ತಾಣದಲ್ಲಿ ಸಿಗುತ್ತವೆ. ಬೇಸಿಗೆಯ ಒಳ್ಳೆಯ ಜಾಗಗಳು ಹಿಂದಿನ ಚಳಿಗಾಲಕ್ಕೇ ತುಂಬಿಹೋಗುತ್ತವೆ. ಕೆಲಸವೇನೋ ಸರಳ: ಬೆಂಕಿಗುಂಡಿಯ ಬೂದಿ ತೆಗೆಯುವುದು, ಟಾಯ್ಲೆಟ್ ತೊಳೆಯುವುದು, ಖಾಲಿ ಸೈಟ್ ಪರೀಕ್ಷಿಸುವುದು, ರಾತ್ರಿ ಹತ್ತರ ಮೇಲೆ ಜನರೇಟರ್ ಓಡಿಸುವವರಿಗೆ ಮೆಲ್ಲಗೆ ಹೇಳುವುದು. ಹೋಸ್ಟ್ ಎಂಬ ಫಲಕ ನಿಮ್ಮ ಬಾಗಿಲ ಮುಂದೆಯೇ ಇರುವುದರಿಂದ ರಜೆಯ ದಿನವೂ ಬಾಗಿಲು ಬಡಿಯುತ್ತಾರೆ. ಬೆಂಕಿಪೊಟ್ಟಣದಿಂದ ಹಿಡಿದು ಕರಡಿಯವರೆಗೆ ಎಲ್ಲಕ್ಕೂ ನೀವೇ. ರಜೆ ಬೇಕೆಂದರೆ ಗಾಡಿ ಬಿಟ್ಟು ಹೊರಗೆ ಹೋಗಬೇಕು. ಜಾಗದ ಚೆಲುವಿಗೆ ಪೂರ್ತಿ ಅಂಕ, ಕೈಗೆ ಬರುವ ದುಡ್ಡಿಗೆ ಸೊನ್ನೆ. ಪಿಂಚಣಿ ಬರುವವರಿಗೆ ಇದಕ್ಕಿಂತ ಚೆನ್ನಾದದ್ದು ಇಲ್ಲ.

ದುಡ್ಡೇ ಬೇಕೆಂದರೆ ಬೀಟ್. ಮಿನೆಸೋಟ ಮತ್ತು ನಾರ್ತ್ ಡಕೋಟಾ ನಡುವಿನ ರೆಡ್ ರಿವರ್ ಕಣಿವೆಯಲ್ಲಿ ಸಕ್ಕರೆ ಬೀಟಿನ ದೊಡ್ಡ ಕೊಯ್ಲು ಅಕ್ಟೋಬರ್ ಆರಂಭದಲ್ಲಿ ಶುರುವಾಗುತ್ತದೆ. ಹಗಲೊಂದು ರಾತ್ರಿಯೊಂದು 12 ಗಂಟೆಯ ಪಾಳಿ, ಎರಡು-ಮೂರು ವಾರದಲ್ಲಿ ಮುಗಿಯಿತು. ಸೀಸನ್ನಿನಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಲಾರಿ ಸಾಲುಗಟ್ಟುವುದನ್ನು ನೋಡಿದವರಿಗೆ ದೃಶ್ಯ ಪರಿಚಿತವೇ, ಚಳಿಯೊಂದು ಬಿಟ್ಟು. ಲಾರಿ ಬಂದು ಪೈಲರ್ ಎಂಬ ದೈತ್ಯ ಯಂತ್ರಕ್ಕೆ ಬೀಟ್ ಸುರಿಯುತ್ತದೆ. ಯಂತ್ರ ಮಣ್ಣು ಕೊಡವಿ ಉದ್ದನೆಯ ರಾಶಿಗೆ ಎಸೆಯುತ್ತದೆ, ಉದುರಿದ ಮಣ್ಣು ಅದೇ ಲಾರಿಗೆ ವಾಪಸ್. ನೆಲದಲ್ಲಿ ನಿಂತವರ ಕೆಲಸ ಲಾರಿಗೆ ಕೈಸನ್ನೆ ಮಾಡುವುದು, ಸ್ಯಾಂಪಲ್ ಚೀಲ ತುಂಬಿ ಚೀಟಿ ಹಾಕುವುದು, ಉದುರಿದ್ದನ್ನು ಸಲಿಕೆಯಲ್ಲಿ ಎತ್ತುವುದು. ಬಿಸಿಲು ಹೆಚ್ಚಾದರೆ ಕೊಯ್ಲು ನಿಲ್ಲಿಸುತ್ತಾರೆ, ಬಿಸಿ ಬೀಟ್ ರಾಶಿಯೊಳಗೆ ಕೊಳೆಯುತ್ತದೆ. ಗಡ್ಡೆಗೆ ಹಿಮ ಹೊಡೆದರೂ ನಿಲ್ಲುತ್ತದೆ, ಮಳೆ ಬಂದು ಹೊಲ ಕೆಸರಾದರೂ ನಿಲ್ಲುತ್ತದೆ. ನಿಂತ ದಿನಗಳಿಗೆ ಏನು ಕೊಡುತ್ತಾರೆ ಎಂದು ಸಹಿ ಹಾಕುವ ಮೊದಲೇ ಕೇಳಬೇಕು.

ಅಲ್ಲಿನ ಗ್ಯಾಸ್ ಖರ್ಚನ್ನೂ ಸೇರಿಸಿ. 20 ಪೌಂಡ್ ಪ್ರೊಪೇನ್ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಶಾಖವಿದೆ. 30,000 ಬಿಟಿಯು ಫರ್ನೇಸ್ ಬಿಡದೆ ಉರಿದರೆ 14 ಗಂಟೆ. ಹೆಪ್ಪುಗಟ್ಟುವ ಚಳಿಯಲ್ಲಿ ಅರ್ಧ ಹೊತ್ತು ಉರಿದರೂ ಒಂದು ಸಿಲಿಂಡರ್ ಒಂದು ದಿನದ ಮೇಲೆ ಸ್ವಲ್ಪ. ನೀರಿನ ಕೊಳವೆ ರಾತ್ರಿಯೇ ಹೆಪ್ಪುಗಟ್ಟುತ್ತದೆ; ಹೀಟೆಡ್ ಹೋಸ್ ಇಲ್ಲದಿದ್ದರೆ ಸಂಜೆಯೇ ಒಳಟ್ಯಾಂಕ್ ತುಂಬಿಸಿ ಕೊಳವೆ ಬಿಚ್ಚಿಡಿ.

ಟೆಕ್ಸಸ್‌ನ ತೈಲಬಾವಿಗಳ ಗೇಟ್ ಕಾವಲು ಜೋಡಿಗಳಿಗೆ ಹೇಳಿ ಮಾಡಿಸಿದ ಕೆಲಸವೆನ್ನುತ್ತಾರೆ. ಬರುವ ಹೋಗುವ ಪ್ರತಿ ಗಾಡಿಯ ನಂಬರ್ ಬರೆಯುವುದು, ದಿನದ 24 ಗಂಟೆಯೂ. ಜನರೇಟರ್, ನೀರಿನ ಟ್ಯಾಂಕು, ಚರಂಡಿ ಎಲ್ಲ ಕಂಪನಿಯದು. ಸಂಬಳ ದಿನದ ಲೆಕ್ಕ. ದಿನಕ್ಕೆ 200 ಡಾಲರ್ ಎಂದರೆ ಕಿವಿಗೆ ಇಂಪು. 24ರಿಂದ ಭಾಗಿಸಿದರೆ 8 ಡಾಲರ್ 33 ಸೆಂಟ್. ಅದೂ ಸಾಮಾನ್ಯವಾಗಿ 1099 ಗುತ್ತಿಗೆಯ ಮೇಲೆ, ಅಂದರೆ ನೌಕರರಾಗಿ ಅಲ್ಲ, ಸ್ವತಂತ್ರ ಗುತ್ತಿಗೆದಾರರಾಗಿ; 15.3 ಶೇಕಡಾ ಸ್ವಉದ್ಯೋಗ ತೆರಿಗೆ ಪೂರ್ತಿ ನಿಮ್ಮ ತಲೆಗೆ. ಜೊತೆಗೆ ಟೆಕ್ಸಸ್‌ನಲ್ಲಿ ಸೆಕ್ಯೂರಿಟಿ ಗಾರ್ಡ್ ಪರವಾನಗಿ ಬೇಕು. ಬಿಳಿ ಧೂಳು ಎಸಿಯ ಫಿಲ್ಟರಿಂದ ಹಿಡಿದು ಅಕ್ಕಿ ಡಬ್ಬದವರೆಗೆ ನುಗ್ಗುತ್ತದೆ. ನಿದ್ದೆಗೆಡುವುದನ್ನು ಲೆಕ್ಕಕ್ಕೆ ಹಿಡಿದರೆ ಇದು ಎಲ್ಲಕ್ಕಿಂತ ದುಬಾರಿ ಕೆಲಸ.

ಕಾಗದಪತ್ರದಲ್ಲಿ ನೋಡಬೇಕಾದದ್ದು ಬಹಳವಿಲ್ಲ, ಆದರೆ ತಪ್ಪಿದರೆ ಸೀಸನ್ನೇ ಹೋಯಿತು. ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ ಅದರಿಂದಲೂ ವಿನಾಯಿತಿ ಇದೆ. ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಬೇಕು. ಲಾಭಕ್ಕೆ ನಡೆಯುವ ಖಾಸಗಿ ಪಾರ್ಕು ನಿಮ್ಮನ್ನು 'ಸ್ವಯಂಸೇವಕ' ಎಂದು ಕರೆದರೆ ಅನುಮಾನ ಪಡಿ. ಸಂಬಳಪಟ್ಟಿಯಲ್ಲಿ ಹೆಸರಿಲ್ಲದವರು ಗಾಲ್ಫ್ ಕಾರ್ಟಿನಿಂದ ಬಿದ್ದು ಕಾಲು ಮುರಿದುಕೊಂಡರೆ ವರ್ಕರ್ಸ್ ಕಾಂಪ್ (ಕೆಲಸದಲ್ಲಾದ ಗಾಯಕ್ಕೆ ಪರಿಹಾರ) ಕೇಳುವುದೇ ಕಷ್ಟ. ಸೈಟಿನ ಬೆಲೆಗೆ ತೆರಿಗೆ ಬೀಳಬಾರದೆಂದರೆ ಮೂರೂ ಕೂಡಿಬರಬೇಕು: ಸೈಟು ಮಾಲೀಕರ ಆವರಣದಲ್ಲೇ ಇರಬೇಕು, ಅವರ ಅನುಕೂಲಕ್ಕಾಗಿ ಇರಬೇಕು, ಅಲ್ಲಿ ಇರುವುದು ಕೆಲಸದ ಷರತ್ತಾಗಿರಬೇಕು. "ಸೈಟಾದರೂ ತಗೊಳ್ಳಿ, ದುಡ್ಡಾದರೂ ತಗೊಳ್ಳಿ" ಎಂಬ ಆಯ್ಕೆ ಕೊಟ್ಟರೆ ವಿನಾಯಿತಿ ಹೋಯಿತು.

ಒಪ್ಪಂದದಲ್ಲಿ ಕರೆಂಟು ಬಿಲ್ಲು ಯಾರದೆಂದು ಅಕ್ಷರದಲ್ಲಿ ಬರೆದಿರಬೇಕು. ಅರಿಜೋನಾದ ಬೇಸಿಗೆಯಲ್ಲಿ ಎರಡು ಎಸಿ ಓಡಿಸುವ ಗಾಡಿಗೆ ಇದು ಸಣ್ಣ ಮಾತಲ್ಲ. ಸೀಸನ್ ಕೊನೆಯ ದಿನದವರೆಗೆ ಇದ್ದರೆ ಮಾತ್ರ ಬೋನಸ್ ಎಂದಿದ್ದರೆ, ಕೊನೆಯ ದಿನ ಯಾವುದೆಂದು ತಾರೀಕು ಹಾಕಿಸಿ. ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಬಿಟ್ಟುಕೊಳ್ಳದ ಪಾರ್ಕುಗಳಿವೆ, ಫೋಟೋ ಮೊದಲೇ ಕಳಿಸಿ. ದಾರಿ ಖರ್ಚು ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ: ಗ್ಯಾಲನ್‌ಗೆ 9 ಮೈಲಿಯಂತೆ 1,500 ಮೈಲಿಗೆ 167 ಗ್ಯಾಲನ್, ಗ್ಯಾಲನ್‌ಗೆ ಮೂರೂವರೆ ಡಾಲರ್ ಹಿಡಿದರೂ ಒಂದು ತಿಂಗಳ ಸೈಟಿನ ಬಾಡಿಗೆ ರಸ್ತೆಯಲ್ಲೇ ಉರಿದುಹೋಗುತ್ತದೆ. ಎರಡು ತಿಂಗಳ ಕೆಲಸಕ್ಕೆ ದೇಶ ದಾಟುವುದು ಲಾಭವಲ್ಲ, ಪ್ರವಾಸ. ಆರೋಗ್ಯ ವಿಮೆಯದೂ ಹೀಗೇ. 65 ದಾಟಿದವರ ಸರ್ಕಾರಿ ವಿಮೆಯಾದ ಮೂಲ ಮೆಡಿಕೇರ್ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ. ಅದಕ್ಕೂ ಚಿಕ್ಕವರ ವಿಮೆ ಎಷ್ಟೋ ಸಲ ತಮ್ಮ ರಾಜ್ಯದ ಗಡಿ ದಾಟಿದರೆ ತುರ್ತು ಚಿಕಿತ್ಸೆಗೆ ಮಾತ್ರ. ಈ ಬದುಕಿನಲ್ಲಿ ತಲೆ ನರೆತವರೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದು ನೋಡಬೇಕು. ಎಚ್-1ಬಿ ವೀಸಾದವರು ತಮಗಾಗಿ ಅರ್ಜಿ ಹಾಕಿದ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ. ಕೆಲಸಕ್ಕೆ ಬದಲಾಗಿ ಸಿಗುವ ಸೈಟೂ ಕೂಲಿಯೇ, ಕೈಗೆ ದುಡ್ಡು ಬರಲಿಲ್ಲವೆಂಬ ಸಮಜಾಯಿಷಿ ನಡೆಯದು. ಮಕ್ಕಳನ್ನು ನೋಡಲು ಬಿ-2ರಲ್ಲಿ ಬಂದ ಅಪ್ಪ-ಅಮ್ಮನಿಗೂ, ಎಚ್-1ಬಿಯವರ ಜೊತೆ ಬಂದ, ಕೆಲಸದ ಅನುಮತಿ ಇಲ್ಲದ ಎಚ್-4ರವರಿಗೂ ಅದೇ ಮಾತು. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ಈ ತೊಡಕಿಲ್ಲ.

ಮೊದಲ ಸಲಕ್ಕೆ ಮನೆಯಿಂದ 300 ಮೈಲಿಯೊಳಗಿನ ಪಾರ್ಕು, ಮೂರು ತಿಂಗಳ ಒಪ್ಪಂದ, 50 ಆಂಪ್, ಸೈಟಿಗೆ ಇಬ್ಬರಿಂದ 15 ಗಂಟೆ ಮೀರದಂತೆ ನೋಡಿಕೊಳ್ಳಿ. ಎರಡನೇ ವರ್ಷವೂ ಬನ್ನಿ ಎಂದು ಕರೆದರೆ ಸಂಬಳ ಹೆಚ್ಚಿಸಿ ಎನ್ನುವ ಮೊದಲು ಸೈಟ್ ಬದಲಿಸಿಕೊಡಿ ಎಂದು ಕೇಳಿ: ಟಾಯ್ಲೆಟ್ಟಿಗೆ ದೂರ, ಟ್ರಾನ್ಸ್‌ಫಾರ್ಮರಿಗೆ ಹತ್ತಿರ.