ಸಿಕ್ಕ ಮದ್ದು, ಬೇಕಿದ್ದ ಮದ್ದು: ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಮೂರು ಪೌಡರ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಪೌಡರ್ ಅಂದರೆ ಮದ್ದು, ಮೇಲೆ ಬುಲೆಟ್. ನನ್ನ .223 ಎಆರ್-15 ರೈಫಲ್‌ಗೆ ಗಿಡ್ಡ ಕಡ್ಡಿಯ ಪೌಡರೇ ಸರಿ. ಅದು ಸಿಗದೇ ಹೋದಾಗ ಬೇರೆ ಎರಡನ್ನು, ಉದ್ದ ಕಡ್ಡಿಯದನ್ನೂ ಬಾಲ್ ಪೌಡರನ್ನೂ, ತಂದು, ಒಂದೂವರೆ ವರ್ಷ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ.

2020ರಲ್ಲಿ ಶುರುವಾದ ಮದ್ದುಗುಂಡು ಸಾಮಗ್ರಿಯ ಕೊರತೆ ನೆನಪಿದೆ ಅಲ್ವಾ? ಮೊದಲು ಪ್ರೈಮರ್ ಮಾಯವಾಯಿತು. ಆಮೇಲೆ ಒಳ್ಳೆಯ ಪೌಡರ್, ಅದರ ಹಿಂದೆಯೇ 77 ಗ್ರೇನ್ (ಸುಮಾರು 5 ಗ್ರಾಂ) ತೂಕದ ಮ್ಯಾಚ್, ಅಂದರೆ ಸ್ಪರ್ಧೆಯ, ಬುಲೆಟ್. ಕೊನೆಗೆ ಅಂಗಡಿಯಲ್ಲಿ ಉಳಿದಿದ್ದು ಒಂದು ಬಾಲ್ ಪೌಡರ್, ಅದೂ 8 ಪೌಂಡಿನ ದೊಡ್ಡ ಡಬ್ಬಿ. ಇವತ್ತು ಬಿಟ್ಟರೆ ನಾಳೆ ಇದೂ ಇರುವುದಿಲ್ಲ ಅನ್ನುವ ಭಯಕ್ಕೆ ಪೂರ್ತಿ ಡಬ್ಬಿ ಕೊಂಡೆ. ಅಷ್ಟನ್ನು ಒಮ್ಮೆಗೇ ಕೊಂಡಿದ್ದು ತಪ್ಪು.

ಎಷ್ಟು ಗ್ರೇನ್ ಮದ್ದು ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ನಳಿಗೆ, ನನ್ನ ಕೇಸ್‌ಗಳು, ನನ್ನ ಪೌಡರ್‌ನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆ, ನಿಮ್ಮದು ಬೇರೆ. ಆ ಲೆಕ್ಕ ತಯಾರಕರ ಕೈಪಿಡಿಯಿಂದಲೇ ಬರಬೇಕು.

ನೋಡಲು ಮೂರೂ ಬೇರೆ ಬೇರೆ. ಬಾಲ್ ಪೌಡರ್ ನುಣ್ಣನೆಯ ಮರಳಿನ ಹಾಗೆ ಇರುತ್ತದೆ. ಉದ್ದ ಕಡ್ಡಿಯದು ಪೆನ್ಸಿಲ್ ಸೀಸವನ್ನು ಚೂರು ಚೂರು ಮಾಡಿಟ್ಟ ಹಾಗೆ. ಗಿಡ್ಡ ಕಡ್ಡಿಯದೂ ಅದೇ ಜಾತಿ, ಆದರೆ ಚೂರುಗಳು ಇನ್ನೂ ಸಣ್ಣ.

ಉದ್ದ ಕಡ್ಡಿಯಲ್ಲಿ ಗುರಿ ಚೆನ್ನಾಗಿಯೇ ಬಂತು. ಕಷ್ಟ ಇದ್ದಿದ್ದು ತುಂಬುವಾಗ. ಅಳತೆ ಯಂತ್ರದ ಹಿಡಿ ಎಳೆದಾಗ ಕಡ್ಡಿಗಳು ಕರಕರ ಅಂತ ತುಂಡಾಗುತ್ತವೆ. ಒಮ್ಮೆ ಕಡಿಮೆ ಬೀಳುತ್ತದೆ, ಮತ್ತೊಮ್ಮೆ ಜಾಸ್ತಿ. ಹಾಗಾಗಿ ಒಂದೊಂದನ್ನೂ ತೂಗಬೇಕು. ಇನ್ನೊಂದು ವಿಷಯ: ಎಆರ್ ಮ್ಯಾಗಜಿನ್‌ನಲ್ಲಿ ತೋಟಾ ಕೂರಬೇಕಾದರೆ ಅದರ ಒಟ್ಟು ಉದ್ದ 2.260 ಇಂಚು ದಾಟುವಂತಿಲ್ಲ. 77 ಗ್ರೇನ್ ಬುಲೆಟ್ ಉದ್ದ ಇರುವುದರಿಂದ ಕೇಸಿನ ಒಳಗೇ ಹೆಚ್ಚು ಇಳಿಯುತ್ತದೆ. ಮದ್ದಿಗೆ ಜಾಗ ಸಾಲದೆ ಬುಲೆಟ್ ಕೂರಿಸುವಾಗ ಕಡ್ಡಿಗಳು ಪುಡಿಯಾಗುವ ಸದ್ದು ಕೇಳಿಸುತ್ತದೆ. ತಿಂಗಳಿಗೆ ಐವತ್ತು ತೋಟಾ ಮಾಡುವವರಿಗೆ ಇದು ದೊಡ್ಡ ವಿಷಯ ಅಲ್ಲ. ನಾನು ಇನ್ನೂರು ಮುನ್ನೂರು ಮಾಡುತ್ತೇನೆ, ನನಗೆ ಆಗಲಿಲ್ಲ.

ಬಾಲ್ ಪೌಡರ್ ಅಳತೆ ಯಂತ್ರದಲ್ಲಿ ನೀರಿನ ಹಾಗೆ ಇಳಿಯುತ್ತದೆ. ಮೊದಲ ವಾರ ಅದನ್ನು ಎಲ್ಲರ ಹತ್ತಿರವೂ ಹೊಗಳಿದೆ. ಚಳಿಗಾಲದ ಬೆಳಿಗ್ಗೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೈಪಿಡಿಯ ಕೆಳಗಿನ ಅಂಕಿಯಿಂದ ಶುರುಮಾಡಿ ಮೆಲ್ಲಗೆ ಮೇಲೆ ಹೋದೆ. ಗರಿಷ್ಠದ ಹತ್ತಿರ ಐದು ಗುಂಡುಗಳು 100 ಗಜದಲ್ಲಿ 0.7 ಇಂಚಿನೊಳಗೆ ಕೂತವು. ಅಲ್ಲಿಗೇ ನಿಲ್ಲಿಸಿ ನೂರು ತೋಟಾ ತುಂಬಿಟ್ಟೆ.

ಅದೇ ತೋಟಾಗಳನ್ನು ಬೇಸಿಗೆಯಲ್ಲಿ, 36 ಡಿಗ್ರಿ ಬಿಸಿಲಿನಲ್ಲಿ ತೆಗೆದೆ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಸೆಕೆಂಡಿಗೆ 60 ಅಡಿ ಜಾಸ್ತಿ ವೇಗ ತೋರಿಸಿತು. ಕೆಳಗೆ ಬಿದ್ದ ಕೇಸ್‌ಗಳನ್ನು ಎತ್ತಿ ನೋಡಿದೆ. ಪ್ರೈಮರ್‌ಗಳು ಚಪ್ಪಟೆಯಾಗಿದ್ದವು. ಕೇಸಿನ ತಳದಲ್ಲಿ ಎಜೆಕ್ಟರ್ (ಖಾಲಿ ಕೇಸ್ ಹೊರಗೆಸೆಯುವ ಭಾಗ) ಉಜ್ಜಿದ ಹೊಳೆಯುವ ಗುರುತು. ಒತ್ತಡ ಮಿತಿ ಮೀರುತ್ತಿದೆ ಅನ್ನುವ ಸೂಚನೆ ಅದು. ಅಲ್ಲಿಗೇ ನಿಲ್ಲಿಸಿದೆ. ಉಳಿದ ಅರವತ್ತು ತೋಟಾಗಳನ್ನು ಮನೆಗೆ ತಂದು ಪುಲ್ಲರ್‌ನಲ್ಲಿ ಒಂದೊಂದಾಗಿ ಬಿಚ್ಚಲು ಎರಡು ಸಂಜೆ ಹಿಡಿಯಿತು.

ಹಾಗಾದರೆ ಮದ್ದು ಕಡಿಮೆ ಮಾಡಿದರೆ ಆಯಿತಲ್ಲ ಅನ್ನಿಸಬಹುದು. ಕೈಯಿಂದಲೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಎಳೆಯುವ ರೈಫಲ್ ಆಗಿದ್ದರೆ ಅಷ್ಟೇ ಸಾಕಿತ್ತು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಮದ್ದಿನ ಗ್ಯಾಸ್ ಯಂತ್ರವನ್ನೂ ತಳ್ಳಬೇಕು. ಬೇಸಿಗೆಗೆ ಸರಿಯಾಗುವಷ್ಟು ಇಳಿಸಿ, ಮತ್ತೆ ಚಳಿಗೆ ಹೋದಾಗ ಬೋಲ್ಟ್ ಪೂರ್ತಿ ಹಿಂದೆ ಹೋಗಲೇ ಇಲ್ಲ. ಖಾಲಿ ಕೇಸ್ ಬಾಗಿಲಲ್ಲೇ ಸಿಕ್ಕಿಕೊಂಡಿತು. ಕೊನೆಯ ಗುಂಡಿನ ನಂತರ ಬೋಲ್ಟ್ ತೆರೆದು ನಿಲ್ಲಲಿಲ್ಲ. ಬಿಸಿಲಿಗೆ ಜಾಸ್ತಿ, ಚಳಿಗೆ ಕಡಿಮೆ. ನಡುವೆ ಉಳಿದ ಜಾಗ ತೀರಾ ಕಿರಿದು. ಆ ಜಾಗದಲ್ಲೇ ಗುರಿಯೂ ಚೆನ್ನಾಗಿ ಬರಬೇಕು ಅಂದರೆ ಎಲ್ಲಿಂದ ಬರಬೇಕು?

ಇನ್ನೂ ಒಂದು ತೊಂದರೆ ಇತ್ತು. ಇಪ್ಪತ್ತು ಗುಂಡು ಬೇಗ ಬೇಗ ಹೊಡೆದರೆ ನಳಿಗೆ ಕಾದಿರುತ್ತದೆ. ಮುಂದಿನ ತೋಟಾ ತಾನಾಗಿ ನಳಿಗೆಯ ಹಿಂತುದಿಯ ಗೂಡಿಗೆ, ಅಂದರೆ ಚೇಂಬರಿಗೆ, ಹೋಗಿ ಕೂತುಬಿಡುತ್ತದೆ. ನೀವು ಗಾಳಿ ನೋಡುತ್ತಾ ಒಂದು ನಿಮಿಷ ಕಾದರೆ, ಅಷ್ಟೂ ಹೊತ್ತು ಆ ಮದ್ದು ಒಳಗೆ ಬಿಸಿಯಾಗುತ್ತಿರುತ್ತದೆ. ಬಾಲ್ ಪೌಡರ್ ಹಾಕಿದ್ದಾಗ ಬಿಸಿ ದಿನದಲ್ಲಿ ಅಂಥ ಗುಂಡು 300 ಗಜದಲ್ಲಿ ಸುಮಾರು ಎರಡು ಇಂಚು ಮೇಲೆ ಹೋಯಿತು. ಎಷ್ಟೋ ದಿನ ನಾನು ಟ್ರಿಗರ್ ಎಳೆಯುವ ರೀತಿಯೇ ಸರಿಯಿಲ್ಲ ಅಂದುಕೊಂಡಿದ್ದೆ.

ಪೌಡರ್ ಜಾತಿ ಬದಲಾದರೆ ಗ್ಯಾಸ್‌ನಿಂದ ನಡೆಯುವ ರೈಫಲ್ ನಡೆಯುವ ರೀತಿಯೇ ಬದಲಾಗುತ್ತದೆ. ಇದು ಹಳೆಯ ಪಾಠ. 1960ರ ದಶಕದಲ್ಲಿ ಅಮೆರಿಕದ ಸೇನೆ ಎಂ16ಗೆ (ಎಆರ್-15ರ ಸೇನಾ ರೂಪ) ಐಎಂಆರ್ 4475 ಕಡ್ಡಿ ಪೌಡರ್ ಬಿಟ್ಟು ಡಬ್ಲ್ಯೂಸಿ 846 ಬಾಲ್ ಪೌಡರ್ ತಂದಿತು. ನಿಮಿಷಕ್ಕೆ ಹಾರುವ ಗುಂಡುಗಳ ಸಂಖ್ಯೆ ಏರಿತು, ಮಸಿಯೂ ಹೆಚ್ಚಾಯಿತು. ವಿಯೆಟ್ನಾಂನಲ್ಲಿ ರೈಫಲ್‌ಗಳು ಕೈಕೊಟ್ಟಿದ್ದಕ್ಕೆ ಇದೂ ಒಂದು ಕಾರಣ. ಹಾಗಂತ ಎಲ್ಲ ಬಾಲ್ ಪೌಡರೂ ಹೀಗೇ ಅಂತ ನಾನು ಹೇಳುತ್ತಿಲ್ಲ, ಬಿಸಿಯನ್ನು ಚೆನ್ನಾಗಿ ತಡೆಯುವಂಥವೂ ಇವೆ. ನನಗೆ ಸಿಕ್ಕಿದ್ದು ಅಂಥದ್ದಲ್ಲ.

ಗಿಡ್ಡ ಕಡ್ಡಿಯದನ್ನು ಅದೇ 12 ಮತ್ತು 36 ಡಿಗ್ರಿಯಲ್ಲಿ ನೋಡಿದೆ. ವೇಗದ ವ್ಯತ್ಯಾಸ ಸೆಕೆಂಡಿಗೆ 12 ಅಡಿ ಮಾತ್ರ. ಬಿಸಿ ಚೇಂಬರಿನಲ್ಲಿ ನಿಮಿಷಗಟ್ಟಲೆ ಕೂತ ಗುಂಡೂ ಉಳಿದ ಗುಂಡುಗಳ ಗುಂಪಿನೊಳಗೇ ಬಿತ್ತು. ಅಳತೆ ಯಂತ್ರದಲ್ಲಿ ಬಾಲ್‌ನಷ್ಟು ಸಲೀಸಲ್ಲ, ಆದರೆ ಹತ್ತಕ್ಕೆ ಒಂದನ್ನು ತೂಗಿ ನೋಡಿದರೆ ಸಾಕು.

ಗುಂಪುಗಳ ಲೆಕ್ಕ: 100 ಗಜ, ಹತ್ತು ಗುಂಡು, ತಂಪು ಹೊತ್ತು. ಗಿಡ್ಡ ಕಡ್ಡಿ 0.9 ಇಂಚು, ತೂಗಿ ತುಂಬಿದ ಉದ್ದ ಕಡ್ಡಿ 0.95, ಬಾಲ್ 1.3. ಐದು ಗುಂಡಿನಲ್ಲಿ 0.7 ತೋರಿಸಿದ್ದೇ ಈ ಬಾಲ್. ಕೊರತೆ ಇದೆ ಅಂತ ಪರೀಕ್ಷೆಯ ಗುಂಡು ಉಳಿಸಲು ಹೋದೆ, ಅದರಿಂದಲೇ ನೂರು ತೋಟಾ ವ್ಯರ್ಥವಾಗಿ ತುಂಬಿದೆ.

ಪ್ರೈಮರ್ ಬಗ್ಗೆ ಒಂದೇ ಮಾತು. ಎಆರ್‌ನ ಪ್ರೈಮರಿಗೆ ಹೊಡೆಯುವ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚುವಾಗ ಪ್ರೈಮರಿಗೆ ಸಣ್ಣಗೆ ತಾಗುತ್ತದೆ. ಆದ್ದರಿಂದ ಸಿಕ್ಕಿದ್ದು ಯಾವುದೋ ಮೆದು ಪ್ರೈಮರ್ ಹಾಕಬೇಡಿ, ಕೇಸಿನ ತಳಕ್ಕಿಂತ ಮೇಲೆ ಉಬ್ಬಿ ನಿಲ್ಲಲೂ ಬಿಡಬೇಡಿ. ಪ್ರೈಮರ್ ಬದಲಾದರೆ ಮದ್ದಿನ ಲೆಕ್ಕವೂ ಮತ್ತೆ ಕೆಳಗಿನಿಂದಲೇ.

ಸೇನೆಯ ಹಳೆಯ ಕೇಸ್‌ಗಳು ಅಗ್ಗ. ಪ್ರೈಮರ್ ಗುಂಡಿಯ ಕ್ರಿಂಪ್ (ಒಳಕ್ಕೆ ಒತ್ತಿದ ಅಂಚು) ತೆಗೆಯುವ ತಾಳ್ಮೆ ಇದ್ದರೆ ಕೊಳ್ಳಿ.

ತಿಂಗಳಿಗೆ ಒಂದು ಸ್ಪರ್ಧೆ, ವಾರಕ್ಕೊಮ್ಮೆ ಅಭ್ಯಾಸ, ಇಷ್ಟೇ ನನ್ನ ಖರ್ಚಿನ ಮಿತಿ. ಅದಕ್ಕೆ ಗಿಡ್ಡ ಕಡ್ಡಿಯನ್ನು ಪೌಂಡಿಗೆ ಜಾಸ್ತಿ ಕೊಟ್ಟಾದರೂ ಕೊಳ್ಳುತ್ತೇನೆ. ಸಿಗದಿದ್ದರೆ ಸ್ಪರ್ಧೆಗಳನ್ನು ಕಡಿಮೆ ಮಾಡುತ್ತೇನೆ, ಪೌಡರ್ ಬದಲಿಸುವುದಿಲ್ಲ. ಕುಳಿತು ಒಂದೊಂದೇ ತೂಗುವುದು ನಿಮಗೆ ಖುಷಿ ಕೊಡುತ್ತದೆ ಅಂದರೆ ಉದ್ದ ಕಡ್ಡಿ ಧಾರಾಳವಾಗಿ ತೆಗೆದುಕೊಳ್ಳಿ.

ಬಾಲ್ ಡಬ್ಬಿಯಲ್ಲಿ ಇನ್ನೂ ಅರ್ಧದಷ್ಟಿದೆ. ಕಡಿಮೆ ಅಳತೆಯಲ್ಲಿ, 55 ಗ್ರೇನ್ ಬುಲೆಟ್ ಜೊತೆ, ಬೇಸಿಗೆಯ 100 ಗಜದ ಅಭ್ಯಾಸಕ್ಕೆ ಮಾತ್ರ ಬಳಸುತ್ತಿದ್ದೇನೆ. ಉಳಿದಿರುವ ಎರಡು ಪೌಂಡ್ ಗಿಡ್ಡ ಕಡ್ಡಿಯ ಡಬ್ಬಿಗಳ ಮೇಲೆ ಲಾಟ್ ನಂಬರ್ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಮುಂದಿನ ಸಲ ಸಿಕ್ಕಾಗ ಮೊದಲು ಒಂದೇ ಪೌಂಡ್ ತಂದು, ಬಿಸಿಲಲ್ಲೂ ಚಳಿಯಲ್ಲೂ ಹತ್ತತ್ತು ಗುಂಡು ಹೊಡೆದು ನೋಡುತ್ತೇನೆ. ಆಮೇಲೇ ದೊಡ್ಡ ಡಬ್ಬಿ.