ಸೀಟು ಕೊಡಿಸುತ್ತಾರೆ, ಸೂರಿನ ಮಾತೆತ್ತುವುದಿಲ್ಲ: ಪುಣೆಯ ಒಂದು ವಿದೇಶ ವ್ಯಾಸಂಗ ಸಲಹಾ ಕಚೇರಿಯ ಸೇವೆ

ಕೆನಡಾದಲ್ಲಿ ಡಿಪ್ಲೊಮಾ ಓದಬೇಕೆಂದು ಹಟ ಹಿಡಿದಿರುವ ಸೋದರಳಿಯನನ್ನು ಕರೆದುಕೊಂಡು 2025ರ ಸೆಪ್ಟೆಂಬರಿನಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ಒಂದು ಸಲಹಾ ಕಚೇರಿಗೆ ನಾಲ್ಕು ಸಲ ಹೋಗಿ ಬಂದೆ. ಧಾರವಾಡದಿಂದ ತಂಗಿಯೂ ಬಂದಿದ್ದಳು. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಅದೇ ರಸ್ತೆಯ ಇನ್ನೆರಡು ಕಡೆ ವಿಚಾರಿಸಿದಾಗಲೂ ನನಗೆ ಇದೇ ಅನುಭವವಾಯಿತು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ನಮಗೆ ಸಿಕ್ಕ ಸಲಹೆಗಾರ್ತಿಗೆ ಕಾಗದಪತ್ರದ ಕೆಲಸ ಚೆನ್ನಾಗಿ ಗೊತ್ತಿತ್ತು. ಕಾಲೇಜಿನ ಪ್ರವೇಶಪತ್ರದ ಜೊತೆಗೆ ಪ್ರಾಂತ್ಯ ಸರ್ಕಾರದ ದೃಢೀಕರಣ ಪತ್ರವೂ ಬೇಕೆಂಬುದನ್ನು, ಡಿಪ್ಲೊಮಾ ಮುಗಿದ ಮೇಲೆ ಕೆಲಸದ ಪರವಾನಗಿ ಸಿಗಬೇಕಾದರೆ ಓದುವ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕೆಂಬ 2024ರ ನವೆಂಬರಿನ ನಿಯಮವನ್ನು ನಾವು ಕೇಳುವ ಮೊದಲೇ ಹೇಳಿದರು. ಅಳಿಯ ಆರಿಸಿಕೊಂಡಿದ್ದ ಒಂದು ಕೋರ್ಸು ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ತಾವಾಗಿಯೇ ಬಿಡಿಸಿದರು. ಕಮಿಷನ್ನಿನ ಆಸೆಗೆ ಬಾಯಿ ಮುಚ್ಚಿಕೊಂಡು ಫೀಸು ಕಟ್ಟಿಸಿಕೊಳ್ಳಬಹುದಾಗಿತ್ತು, ಹಾಗೆ ಮಾಡಲಿಲ್ಲ.

ಅವರು ನಮಗೆ ಕೊಟ್ಟ ಖರ್ಚಿನ ಹಾಳೆ ಈಗಲೂ ನನ್ನ ಬಳಿ ಇದೆ. ಬೋಧನಾ ಶುಲ್ಕವನ್ನು ಬಿಟ್ಟು, ಮೊದಲ ವರ್ಷದ ಜೀವನವೆಚ್ಚಕ್ಕೆಂದು ವಿದ್ಯಾರ್ಥಿ ತೋರಿಸಬೇಕಾದ ಹಣದ ಸಾಲಿನಲ್ಲಿ 10,000 ಕೆನಡಾ ಡಾಲರ್ ಎಂದು ಅಚ್ಚಾಗಿದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ 20,635 ಎಂದು ಬರೆದು, ಅದನ್ನೂ ಹೊಡೆದು ಮೇಲೆ 22,895 ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ. ಎರಡನೆಯದು 2024ರ ಜನವರಿ 1ರಿಂದ, ಮೂರನೆಯದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೊತ್ತ. ಎರಡು ವರ್ಷವೂ ತುಂಬುವ ಮೊದಲೇ ಮೊತ್ತ ಎರಡು ಪಟ್ಟು ದಾಟಿತ್ತು. ತಂಗಿ ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಅಣ್ಣಾ, ಇಷ್ಟೆಲ್ಲಾ ಖರೆ, ಹುಡುಗ ಮಲಗೋದು ಎಲ್ಲಿ ಅಂತ ಕೇಳು" ಎಂದಳು.

ಕೇಳಿದೆ. "ಅಲ್ಲಿಗೆ ಹೋದ ಮೇಲೆ ಎಲ್ಲ ಸಿಗುತ್ತದೆ ಸರ್, ನಮ್ಮವರೇ ಬೇಕಾದಷ್ಟು ಜನ ಇದ್ದಾರೆ" ಎಂಬ ಉತ್ತರ ಬಂತು. ಈ ಸೇವೆಯ ದೊಡ್ಡ ದೋಷ ಇದೇ ಎಂದು ನನಗನ್ನಿಸುತ್ತದೆ. ಏಕೆಂದರೆ ಆ ಹಾಳೆಯ ಮೇಲಿನ ತಿದ್ದುಪಡಿಗಳ ಹಿಂದಿರುವುದೂ ಮನೆಯ ಪ್ರಶ್ನೆಯೇ. 2023ರಲ್ಲಿ ಕೆನಡಾದ ಜನಸಂಖ್ಯೆ ಒಂದೇ ವರ್ಷದಲ್ಲಿ ಶೇ 3.2ರಷ್ಟು, ಅಂದರೆ ಸುಮಾರು 12.7 ಲಕ್ಷ ಬೆಳೆಯಿತು. 1957ರ ನಂತರ ಅಲ್ಲಿ ಅಷ್ಟು ಬೆಳವಣಿಗೆ ಆಗಿರಲಿಲ್ಲ, ಮತ್ತು ಅದು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ಬಂದವರದೇ. ಮನೆಗಳು ಆ ವೇಗದಲ್ಲಿ ಏಳಲಿಲ್ಲ. 2030ರ ಹೊತ್ತಿಗೆ, ಆಗಿನ ವೇಗದಲ್ಲಿ ಕಟ್ಟುವುದರ ಮೇಲೆ ಇನ್ನೂ 35 ಲಕ್ಷ ಮನೆಗಳು ಬೇಕೆಂದು ಅಲ್ಲಿನ ಸರ್ಕಾರಿ ವಸತಿ ನಿಗಮವೇ 2022ರಲ್ಲಿ ಲೆಕ್ಕ ಕೊಟ್ಟಿತ್ತು. 2024ರ ಜನವರಿಯಲ್ಲಿ ವಲಸೆ ಸಚಿವ ಮಾರ್ಕ್ ಮಿಲ್ಲರ್ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿ, ಆ ವರ್ಷದ ಸಂಖ್ಯೆಯನ್ನು ಶೇ 35ರಷ್ಟು ಇಳಿಸಿ ಸುಮಾರು 3.6 ಲಕ್ಷಕ್ಕೆ ತಂದರು. ಅದೇ ಅಕ್ಟೋಬರಿನಲ್ಲಿ, 2025ಕ್ಕೆ 5 ಲಕ್ಷ ಎಂದಿದ್ದ ಕಾಯಂ ನಿವಾಸಿಗಳ ಗುರಿಯನ್ನೂ 3.95 ಲಕ್ಷಕ್ಕೆ ಇಳಿಸಲಾಯಿತು.

ಜನರ ಮನಸ್ಸೂ ಅಷ್ಟೇ ಬೇಗ ತಿರುಗಿತು. ಕೆನಡಾದ ಎನ್ವಿರಾನಿಕ್ಸ್ ಸಂಸ್ಥೆಯ ಸಮೀಕ್ಷೆಯಲ್ಲಿ ವಲಸೆ ಅತಿಯಾಯಿತು ಎಂದವರು 2022ರಲ್ಲಿ ಶೇ 27 ಇದ್ದರು, 2024ರಲ್ಲಿ ಶೇ 58 ಆದರು. ಈ ಮಾತೆತ್ತಿದಾಗ ಸಲಹೆಗಾರ್ತಿ, ಅದು ರಾಜಕೀಯ, ವಿದ್ಯಾರ್ಥಿಗಳಿಗೆ ಸಂಬಂಧವಿಲ್ಲ ಎಂದುಬಿಟ್ಟರು. ಬಾಡಿಗೆ ಮನೆಯ ಬಾಗಿಲು ಬಡಿಯುವ ಹುಡುಗನಿಗೆ ಸಂಬಂಧವಿಲ್ಲದೆ ಇನ್ಯಾರಿಗೆ? ಕೆಲಸ ಸಿಗದ ಸಿಟ್ಟು 1960ರ ದಶಕದ ಮುಂಬೈಯಲ್ಲಿ ದಕ್ಷಿಣದವರ ಮೇಲೆ ತಿರುಗಿ ಉಡುಪಿ ಹೋಟೆಲುಗಳ ಮೇಲೆ ದಾಳಿಯಾದದ್ದನ್ನು ಈ ಭಾಗದ ಕನ್ನಡಿಗರು ಮರೆತಿಲ್ಲ. ಇಷ್ಟು ವಿದ್ಯಾರ್ಥಿಗಳನ್ನು ಕರೆಸಿಕೊಂಡ ತೀರ್ಮಾನ ಮಕ್ಕಳದಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10ರಷ್ಟು ತಗ್ಗಿಸಿ ಅಲ್ಲಿಗೇ ತಡೆದ ಮೇಲೆ, ಕಾಲೇಜುಗಳು ಹೊರದೇಶದವರ ದುಬಾರಿ ಶುಲ್ಕವನ್ನೇ ನೆಚ್ಚಿಕೊಂಡವು. ಲಾಭ ಕಾಲೇಜಿಗೂ ನಮ್ಮೂರಿನ ಏಜೆಂಟರಿಗೂ ಸಿಕ್ಕಿತು, ನೆಲಮಾಳಿಗೆಯ ಕೋಣೆಯೂ ನೆರೆಯವರ ಅಸಹನೆಯೂ ಮಕ್ಕಳ ಪಾಲಿಗೆ ಬಂದವು.

ನಾನು 1994ರಲ್ಲಿ ಪುಣೆಗೆ ಬಂದಾಗ ಸದಾಶಿವ ಪೇಠೆಯಲ್ಲಿ ಕಾಟ್ ಬೇಸಿಸ್ ಮೇಲೆ ಇದ್ದೆ. ಒಂದು ಕೋಣೆಯಲ್ಲಿ ಮೂರು ಮಂಚ, ಮಂಚಕ್ಕೊಂದು ಬಾಡಿಗೆ. ಕಷ್ಟವಿತ್ತು, ಆದರೆ ರೈಲು ಹತ್ತುವ ಮೊದಲೇ ಯಾವ ಓಣಿ, ಯಾವ ವಾಡೆ, ಎಷ್ಟು ಬಾಡಿಗೆ ಎಂಬುದು ನನ್ನ ತಂದೆಗೆ ಗೊತ್ತಿತ್ತು. ಹತ್ತಾರು ಲಕ್ಷ ರೂಪಾಯಿಯ ವ್ಯವಹಾರ ಮಾಡಿಸುವ ಕಚೇರಿಯೊಂದು ಅಷ್ಟನ್ನಾದರೂ ಹೇಳಬೇಡವೇ?

ಕಾಗದಪತ್ರಕ್ಕೆ ಈ ಕಚೇರಿಯನ್ನು ನಂಬಬಹುದು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹೋಗುವವರು ಮಾತ್ರ ಕಾಲೇಜಿನ ಹಾಸ್ಟೆಲ್ ಇದೆಯೇ, ಅದರ ಅರ್ಜಿಯ ಕೊನೆಯ ದಿನ ಯಾವುದು, ಕಾಲೇಜಿನ ಸುತ್ತಲಿನ ಕೋಣೆ ಬಾಡಿಗೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅಳಿಯ ಜನವರಿಯ ಬದಲು ಮುಂದಿನ ಸೆಪ್ಟೆಂಬರಿನ ತಂಡಕ್ಕೆ ಅರ್ಜಿ ಬದಲಿಸಿದ್ದಾನೆ. ಹಾಸ್ಟೆಲ್ ಕೋಣೆ ಖಚಿತವಾದ ಮೇಲಷ್ಟೇ ಸೇವಾಶುಲ್ಕದ ಎರಡನೆಯ ಕಂತು ಕೊಡುವುದೆಂದು ನಾವು ಬರೆದುಕೊಟ್ಟ ಪತ್ರಕ್ಕೆ ಸಲಹೆಗಾರ್ತಿ ತಕರಾರಿಲ್ಲದೆ ಸಹಿ ಹಾಕಿದರು, ಅದರ ಒಂದು ಪ್ರತಿಯನ್ನು ತಂಗಿ ಧಾರವಾಡಕ್ಕೆ ಒಯ್ದಿದ್ದಾಳೆ.